ನೀರಿಗೆ ಬಿದ್ದ ದೊರೆ

ಆಗ ಮೈಸೂರಿನಲ್ಲಿ ನಮ್ಮದೇ ಮಹಾರಾಜರಿದ್ದರೂ ಸ್ಟಾಂಪಿನ ಮೇಲೆ ಇಂಗ್ಲೆಂಡಿನ ದೊರೆಯೇ ಇರುತ್ತಿದ್ದ. ಹೆಬ್ಬೆರಳಷ್ಟು ನೇರಳೆ ಚೀಟಿ, ಪಕ್ಕಕ್ಕೆ ತಿರುಗಿದ ಮುಖ, ಅಂಚಿಗೆಲ್ಲ ಹಲ್ಲು. ಬಿಸಿಲಿಗೆ ಹಿಡಿದರೆ ಕಾಗದದೊಳಗೆ ನಕ್ಷತ್ರ ಕಾಣುತ್ತಿತ್ತು. ಮಕ್ಕಳಿಗೆ ಅದೊಂದು ಆಟ.

ಪಾಳ್ಯಕ್ಕೆ ಕೊಟ್ಟಿದ್ದ ನಮ್ಮಕ್ಕನಿಗೆ ಏಳು ತಿಂಗಳು ತುಂಬುತ್ತಿತ್ತು. ಚೊಚ್ಚಲ ಹೆರಿಗೆಗೆ ಕರೆತರಲು ಗಾಡಿ ಬರುವ ದಿನ ತಿಳಿಸಿ ಅಪ್ಪ ಕಾಗದ ಬರೆದಿದ್ದರು. ಎಂಟಕ್ಕೆ ಬಿದ್ದರೆ ಬೀಗರು ಕಳಿಸುವುದಿಲ್ಲ. ಅಂದಿನ ಟಪಾಲು ತಪ್ಪಿದರೆ ಅಕ್ಕ ಬರುವುದಿಲ್ಲ. ನನಗೆ ಅವಳು ಬೇಕೇ ಬೇಕಿತ್ತು. ಅವ್ವ ಅಕ್ಕನಂತಲ್ಲ, ಎಳೆದೆಳೆದು ಜಡೆ ಹಾಕಿದರೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು.

ನಮ್ಮಜ್ಜಿ ಲಿಂಗಪೂಜೆ ಮಾಡದೆ ನೀರು ಮುಟ್ಟದವಳು. "ಹಿಂದ್ಗಡೆ ಅಂಟು ದನದ ಮೂಳೇದು ಕಣೇ" ಎಂದು ಆ ಕಾಗದಕ್ಕೆ ಹಚ್ಚಬೇಕಿದ್ದ ಸ್ಟಾಂಪನ್ನು ಬಿಸಿನೀರಿಗೆ ಹಾಕಿ ಉಜ್ಜಿದಳು. ಆಮೇಲೆ ರಾಗಿ ಅಂಬಲಿ ಸವರಿ ಅಂಟಿಸಿದಳು. ನೀರು ನೇರಳೆಯಾಯಿತು, ದೊರೆ ಬಿಳುಚಿಕೊಂಡ.

ಕಾಗದ ಹಾಕಲು ನಾನೂ ಅಜ್ಜಿಯೂ ಹೋದಾಗ ಹೆತ್ತೂರಿನ ಟಪಾಲು ಕಚೇರಿಯಲ್ಲಿ ಅರಗು ಕಾಯಿಸಿದ ವಾಸನೆ. ಪೋಸ್ಟ್ ಮಾಸ್ತರು ಕಾಗದ ನೋಡಿ ನಕ್ಕರು.

"ಏನಜ್ಜಿ, ದೊರೆಗೆ ಸ್ನಾನ ಮಾಡಿಸ್ಬುಟ್ಟಾ?"

"ಮೈಲಿಗೆ ಇತ್ತು, ತೊಳ್ದೆ. ನಿಂಗೇನು?"

"ಇದು ನಡೆಯಾಕಿಲ್ಲ. ಮುದ್ರೆ ತೊಳ್ದು ಮತ್ತೆ ಅಂಟುಸ್ತಾರೆ ಅಂತ, ನೀರು ಬಿದ್ರೆ ಬಣ್ಣ ಬಿಡೋ ಹಂಗೇ ಅಚ್ಚು ಹಾಕವ್ರೆ. ಮೊದ್ಲು ಲಂಡನ್ನಾಗೆ ಹಾಕೋರು, ಈಗ ನಾಸಿಕದಾಗೆ."

"ಅಂಟು ಯಾತರದು?"

"ಜಾಲಿ ಗೋಂದಂತೆ."

"ಅಂತೆ ಅಂದ್ರೆ? ನೀ ನೋಡಿದ್ಯಾ?"

"ನಾನೆಲ್ಲಿ ನೋಡ್ಲಿ ಮಾರಾಯ್ತಿ! ಬೇಗ ಬೇರೆ ತಗೊಂಡು ಅಂಟ್ಸು, ಚೀಲ ಕಟ್ತಾವ್ರೆ."

ಅಜ್ಜಿ ಸೊಂಟದ ಚೀಲ ಬಿಚ್ಚಿ ಹೊಸ ಸ್ಟಾಂಪು ತೆಗೆದುಕೊಂಡಳು. ಸ್ಟಾಂಪು ಒದ್ದೆ ಮಾಡಲು ಅಲ್ಲಿಟ್ಟಿದ್ದ ನೀರಿನ ಬಟ್ಟಲು ಒಣಗಿತ್ತು. ಆಗಲೇ ಟಪಾಲು ಚೀಲದ ಬಾಯಿಗೆ ಹುರಿ ಸುತ್ತುತ್ತಿದ್ದರು. "ನಾನು ನೆಕ್ತೀನಿ" ಎಂದು ಕೈ ಚಾಚಿದೆ. ತಲೆಗೊಂದು ಮೊಟಕಿದಳು.

"ಸುಮ್ನಿರೇ. ಪಾಪ ಬಂದ್ರೆ ನಂಗೇ ಬರ್ಲಿ."

ಕಣ್ಣು ಮುಚ್ಚಿ ಸ್ಟಾಂಪಿನ ಹಿಂಬದಿ ನೆಕ್ಕಿ, ಗುದ್ದಿ ಅಂಟಿಸಿದಳು. ಕಾಗದ ಚೀಲ ಸೇರಿತು. ಮೆಟ್ಟಿಲಿಳಿಯುತ್ತಾ, "ಸೀಯಾಗೈತೆ ಕಣೇ. ನಿಮ್ಮಪ್ಪನ ಮುಂದೆ ಬಾಯಿ ಬಿಟ್ರೆ ನೋಡು" ಎಂದಳು.

ಅಕ್ಕ ಬಂದಳು. ಗಾಡಿಯಿಂದ ಇಳಿದವಳ ಸೀರೆ ಹಿಡಿದು ನಾನು ಸಂಜೆಯವರೆಗೂ ಬಿಡಲಿಲ್ಲ.

ಈಗ ಮನೆಯಲ್ಲೇ ಫೋನು ಬಂದಿದೆ. ಒಳ್ಳೆಯದೇ, ನಾನು ಅದನ್ನು ಬೈಯುವುದಿಲ್ಲ. ಹೋದ ಸುಗ್ಗಿಯಲ್ಲಿ ಅಕ್ಕ ತೀರಿಕೊಂಡ ಸುದ್ದಿಯೂ ಅದರಲ್ಲೇ ಬಂತು. ನಾನು ಕೈ ಒರೆಸಿಕೊಂಡು ಅಡುಗೆಮನೆಯಿಂದ ಬರುವಷ್ಟರಲ್ಲಿ ಫೋನೆತ್ತಿದ ಮಗನ ಮಾತು ಮುಗಿದೇ ಹೋಗಿತ್ತು.