ಎರಡಿದ್ದದ್ದು ನನಗೆ ಗೊತ್ತಿತ್ತು

೨೦೦೩ರಲ್ಲಿ ನಾನು ಜೆ.ಪಿ. ನಗರದ ಒಂದು ಐವಿಎಫ್ ಕ್ಲಿನಿಕ್ಕಿನಲ್ಲಿ ಕೌನ್ಸೆಲರ್ ಆಗಿದ್ದೆ. ಅಲ್ಲಿಯವರೆಗೆ ತ್ಯಾಗರಾಜನಗರದ ಮನೆಯೇ ನನ್ನ ಪ್ರಪಂಚ. ಕಾನ್ವೆಂಟಿನ ಇಂಗ್ಲಿಷ್ ಇತ್ತು, ದನಿ ಮೆತ್ತಗಿತ್ತು. ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಅಷ್ಟು ಸಾಕಾಯಿತು.

ಶಾಂತಾ (ಹೆಸರು ಬದಲಿಸಿದ್ದೇನೆ) ಬಾಗಲಕೋಟೆ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದಳು. ಸ್ಕ್ಯಾನ್ ಕೋಣೆಗೆ ಹೋಗುವಾಗ ಸದ್ದಾಗದಿರಲೆಂದು ಬಳೆಗಳನ್ನು ಮೊಣಕೈಯತ್ತ ಏರಿಸಿಕೊಳ್ಳುತ್ತಿದ್ದಳು. ಲ್ಯಾಬಿನಲ್ಲಿ ಬೆಳೆಸಿದ ಎರಡು ಭ್ರೂಣಗಳನ್ನು ಅವಳ ಗರ್ಭಕೋಶಕ್ಕೆ ಸೇರಿಸಿದ್ದರು, ಎರಡೂ ಅಲ್ಲಿ ನೆಲೆಯೂರಿದವು. ಪರದೆಯ ಮೇಲೆ ಮಿಣುಕುವ ಎರಡು ಹೃದಯಗಳನ್ನು ಕಂಡು, "ಒಂದ ಬೇಡಿದ್ದೆ ನೋಡ್ರಿ ಅಕ್ಕಾರ, ದೇವ್ರು ಲೆಕ್ಕಾ ತಪ್ಪ್ಯಾನ," ಎಂದು ನಕ್ಕಳು.

ಮೂರನೆಯ ತಿಂಗಳ ಸ್ಕ್ಯಾನಿನಲ್ಲಿ ಒಂದರ ಮಿಡಿತ ನಿಂತಿತ್ತು. ಅವಳಿ ಗರ್ಭದಲ್ಲಿ ಹೀಗಾಗುವುದುಂಟು, ಇನ್ನೊಂದು ಬೆಳೆಯಬಹುದು, ಹುಷಾರಾಗಿರಬೇಕು ಎಂದು ವಿವರಿಸಿದೆ. ಅವಳ ಮನಸ್ಸು ಅಲ್ಲಿರಲಿಲ್ಲ. ಐವಿಎಫ್ ವಿಷಯ ಅತ್ತೆಗೆ ಗೊತ್ತಿರಲಿಲ್ಲ. ಅವಳಿ ಎಂದರೆ ಅನುಮಾನ ಬಂದೀತೆಂದು ಗಂಡ ಹೆಂಡತಿ ಒಂದೇ ಮಗು ಎಂದು ಹೇಳಿದ್ದರು.

"ನಮ್ಮ ಮನಿಯವ್ರು ಅಳಬ್ಯಾಡ ಅಂತಾರ್ರಿ, ಇರೋ ಕೂಸಿಗೆ ತ್ರಾಸಾಗ್ತದಂತ. ಅತ್ತಿಗೆ ಒಂದ ಐತಿ ಅಂದೀವಿ. ಹೋದದ್ದಕ್ಕ ಯಾರ ಮುಂದ ಅಳ್ಲಿರಿ?"

"ಇಲ್ಲೇ ಅತ್ತುಬಿಡಮ್ಮ," ಎಂದು ಬಾಗಿಲು ಮುಂದೆ ಮಾಡಿದೆ. ಆಮೇಲೆ ಬಂದಾಗಲೆಲ್ಲ ಮೊದಲು ನನ್ನ ಕೋಣೆಯಲ್ಲಿ ಸ್ವಲ್ಪ ಹೊತ್ತು ಅತ್ತು, ಮುಖ ತೊಳೆದು, ಗಂಡನ ಬಳಿ ಹೋಗುತ್ತಿದ್ದಳು.

ಎಂಟನೆಯ ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣುಮಗು, ತೂಕ ಎರಡು ಕಿಲೋಗೂ ಕಡಿಮೆ. ಇನ್‌ಕ್ಯುಬೇಟರಿನಿಂದ ಮಗು ಕೈಗೆ ಬಂದ ದಿನ ಫೋನ್ ಮಾಡಿದಳು. ಮತ್ತೆ ಮಾಡಲಿಲ್ಲ. ಕ್ಲಿನಿಕ್ಕಿಗೆ ಬಂದವರು ದಾರಿಯಲ್ಲಿ ಎದುರಾದರೂ ಅವರಾಗಿ ಮಾತನಾಡಿಸದೆ ನಾವು ಮಾತನಾಡಿಸುವಂತಿಲ್ಲ; ಅದು ನಮ್ಮ ಕೆಲಸದ ಕಟ್ಟಳೆ.

ಕೆಲವು ತಿಂಗಳ ಬಳಿಕ ಜಯನಗರದ ಫೋರ್ತ್ ಬ್ಲಾಕ್ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಆರಿಸುತ್ತಿದ್ದೆ. ಪಕ್ಕದಲ್ಲಿ ಬಂದು ನಿಂತವಳು ಶಾಂತಾ. ಜೊತೆಗೆ ಅವಳ ಅತ್ತೆ, ಅತ್ತೆಯ ತೋಳಲ್ಲಿ ಮಗು. ನನ್ನನ್ನು ಕಂಡು ಶಾಂತಾಳ ಮುಖ ಬಿಳುಪೇರಿತು. ನಾನು ಎಲೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಮಗುವೇ ನನ್ನ ಸೆರಗು ಹಿಡಿದೆಳೆಯಿತು.

"ಎಷ್ಟು ತಿಂಗಳಮ್ಮಾ ಮಗುಗೆ?" ಎಂದು ಏನೂ ತಿಳಿಯದವಳಂತೆ ಕೇಳಿದೆ.

"ಆರು ತುಂಬ್ಯಾವ್ರಿ. ದೇವ್ರು ಕೊಟ್ಟ ಕೂಸು," ಎಂದರು ಅತ್ತೆ. "ಒಂದಕ್ಕ ಭಾಳ ಬ್ಯಾಸರ. ಇದಕ್ಕೊಂದು ಜೋಡಿ ಬೇಕ ನೋಡ್ರಿ!"

ಶಾಂತಾ ನನ್ನನ್ನೇ ನೋಡುತ್ತಿದ್ದಳು. ನಾನು ಮಗುವಿನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಎಲೆ ಕಟ್ಟಿಸಿಕೊಂಡು ಹೊರಟೆ.

ಗುಟ್ಟು ಕಾಯುವುದೆಂದರೆ ಬಾಯಿ ಮುಚ್ಚಿಕೊಂಡರಾಯಿತು ಎಂದುಕೊಂಡಿದ್ದೆ. ಅದರೊಳಗಿನ ದುಃಖವೂ ಜೊತೆಗೇ ಬರುತ್ತದೆ ಎಂಬುದನ್ನು ಆ ಕೆಲಸ ಕಲಿಸಿತು. ಮನೆಗೆ ಬಂದಾಗ ಯಜಮಾನರು, "ಯಾಕೆ ಸಪ್ಪಗಿದ್ದೀಯ?" ಎಂದರು.

"ಬಿಸಿಲು ಕಣ್ರೀ," ಎಂದೆ.