ಹೊಳೆಗೆ ಇಳಿದ ಹಳದಿ ವ್ಯಾನು

೧೯೯೮ ನವೆಂಬರ್ ೧೧, ಬುಧವಾರ, ಮಧ್ಯಾಹ್ನ ಮೂರು ಇಪ್ಪತ್ತೈದು. ಜಡಿಮಳೆ ನಿಂತು ತುಂತುರು ಉಳಿದಿತ್ತು. ನಮ್ಮ ಬೀದಿಯಲ್ಲಿ ಯಾರೋ ಸೈಕಲ್ ಬೀಳಿಸಿ, ಸ್ಕೂಲ್ ವ್ಯಾನ್ ಹೊಳೆಗೆ ಬಿತ್ತು ಎಂದು ತಮಿಳಿನಲ್ಲಿ ಕೂಗಿಕೊಂಡು ಓಡಿದರು. ನಾನು ಹತ್ತನೇ ಕ್ಲಾಸು. ಮಳೆಗೆಂದು ನಮ್ಮ ಶಾಲೆಯಲ್ಲಿ ಮಧ್ಯಾಹ್ನವೇ ಬಿಟ್ಟಿದ್ದರು. ನನ್ನ ತಂಗಿ ಬೇರೆ ಶಾಲೆ, ನಾಲ್ಕನೇ ಕ್ಲಾಸು. ಅವಳ ವ್ಯಾನು ಮೂರು ಗಂಟೆಗೆ ಬೀದಿಯ ತುದಿಗೆ ಬರಬೇಕಿತ್ತು. ಬಂದಿರಲಿಲ್ಲ.

ನಾವಿದ್ದದ್ದು ಗಿಂಡಿಯ ಕೈಗಾರಿಕಾ ಎಸ್ಟೇಟಿನ ಹಿಂದೆ, ಅಡ್ಯಾರ್ ನದಿ ತಿರುಗುವ ಜಾಗದ ಒಂದು ಸಣ್ಣ ಕಾಲೊನಿಯಲ್ಲಿ. ವಿಮಾ ಕಚೇರಿಯ ಅಪ್ಪನಿಗೆ ಮಂಡ್ಯದಿಂದ ವರ್ಗವಾದಾಗ ಈ ಮನೆ ಅಗ್ಗಕ್ಕೆ ಸಿಕ್ಕಿತ್ತು. ಯಾಕೆ ಅಗ್ಗ ಎಂಬುದು ಮೊದಲನೇ ಮಳೆಗಾಲದಲ್ಲಿ ತಿಳಿಯಿತು. ಬೇಸಿಗೆಯಲ್ಲಿ ಎಮ್ಮೆ ಮಲಗುವಷ್ಟೂ ನೀರಿರದ ಹೊಳೆ ದೀಪಾವಳಿಯ ಹೊತ್ತಿಗೆ ಮೈದುಂಬಿಕೊಂಡು ಬಂದು ನಮ್ಮ ಕಡೆಯ ದಡವನ್ನೇ ಕೊರೆಯುತ್ತಿತ್ತು. ನಾನು ಟೇಪು ಹಿಡಿದು ಅಳೆದಿಡುತ್ತಿದ್ದೆ. ೧೯೯೬ರ ಜೂನ್‌ನಲ್ಲಿ ಹಿತ್ತಲ ಗೋಡೆಯಿಂದ ದಡದ ಅಂಚಿಗೆ ಹತ್ತೊಂಬತ್ತು ಅಡಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹನ್ನೊಂದು. ಊರಿನವರ ಮನೆಗೆಲ್ಲ ಪಾಲಿಸಿ ಬರೆಯುತ್ತಿದ್ದ ಅಪ್ಪ ನಮ್ಮ ಮನೆಯ ಮಾತು ಬಂದರೆ ವಿಷಯ ಬದಲಿಸುತ್ತಿದ್ದರು.

ದಡಕ್ಕೆ ಹಳೇ ಗಾಡಿಗಳನ್ನು ಹಾಕೋಣ ಎಂದವರು ಪಕ್ಕದ ಮನೆಯ ಮಾಮ. ರೈಲ್ವೇಯಿಂದ ನಿವೃತ್ತರಾಗಿದ್ದ ಅವರು ಕಾಲೊನಿಯ ಮಕ್ಕಳಿಗೆಲ್ಲ ರೈಲ್ವೇ ಮಾಮ. ಚಿಕ್ಕಂದಿನಲ್ಲಿ ಅವರು ನೀಲಗಿರಿಯಲ್ಲಿದ್ದರಂತೆ. ಅಲ್ಲಿ ದೊಡ್ಡ ಮನುಷ್ಯರು ಟ್ರೌಟ್ ಮೀನು ಹಿಡಿಯಲು ಬರುತ್ತಿದ್ದ ಒಂದು ಹೊಳೆಯಿತ್ತು. ಅದರ ದಡ ಕುಸಿಯದಂತೆ ಟೀ ಎಸ್ಟೇಟಿನವರು ಮುರುಕಲು ಕಾರು, ಲಾರಿಗಳನ್ನು ಸಾಲಾಗಿ ಹೂತು, ಒಳಗೆ ಕಲ್ಲು ತುಂಬಿದ್ದರಂತೆ. ಕಾಲೊನಿ ಸಂಘದ ಸಭೆಯಲ್ಲಿ ಅಪ್ಪ ಕೇಳಿದರು, "ಅಲ್ಲಿ ಟ್ರೌಟು ಸರಿ ಮಾಮ. ಇಲ್ಲಿರೋದು ಜಿಲೇಬಿ ಮೀನು. ಅದಕ್ಕೆ ಯಾವ ಕಾರು ಹಿಡಿಸುತ್ತೆ?" ಎಲ್ಲರೂ ನಕ್ಕರು. ಆದರೆ ಬೇರೆ ಉಪಾಯ ಯಾರ ಹತ್ತಿರವೂ ಇರಲಿಲ್ಲ. ಕಲ್ಲಿನ ಗೋಡೆ ಕಟ್ಟಿಸಿಕೊಡಿ ಎಂದು ಬರೆದ ಅರ್ಜಿಗಳಿಗೆ ಉತ್ತರವೇ ಬಂದಿರಲಿಲ್ಲ.

೧೯೯೮ ಸೆಪ್ಟೆಂಬರ್ ೬ರ ಭಾನುವಾರ ಪುದುಪೇಟೆಯ ಗುಜರಿಯಿಂದ ನಾಲ್ಕು ಗಾಡಿಗಳು ಬಂದವು. ಎರಡು ಅಂಬಾಸಿಡರ್, ಒಂದು ಬ್ರೆಡ್ ವ್ಯಾನು, ಒಂದು ಸಣ್ಣ ಲಾರಿಯ ಮೂತಿ. ಎಂಜಿನ್ನು, ಚಕ್ರ, ಸೀಟು, ಪೆಟ್ರೋಲ್ ಟ್ಯಾಂಕು ಎಲ್ಲ ಮೊದಲೇ ಬಿಚ್ಚಿ ಮಾರಾಗಿತ್ತು. ಉಳಿದದ್ದು ಬರೀ ತಗಡಿನ ಮೈ. ದಡ ಅಗೆದು ಅವನ್ನು ಕೂರಿಸಿ, ಮಾಮ ಎಲ್ಲಿಂದಲೋ ತರಿಸಿದ ಹಳಿಯ ತುಂಡುಗಳನ್ನು ನೆಲಕ್ಕೆ ಹೊಡೆದು, ಕಬ್ಬಿಣದ ಹಗ್ಗದಿಂದ ಕಟ್ಟಿದರು. ಒಡೆದ ಇಟ್ಟಿಗೆ, ಗಾರೆ ಚೂರುಗಳನ್ನು ಕಿಟಕಿಯವರೆಗೂ ತುಂಬಿ, ಮೇಲೆ ಟಾರು ಬಳಿದರು.

ಐದನೆಯದು ಮಾತ್ರ ಗುಜರಿಯಿಂದ ಬಂದದ್ದಲ್ಲ. ತಂಗಿಯನ್ನು ಶಾಲೆಗೆ ಕರೆದೊಯ್ಯುತ್ತಿದ್ದ ವ್ಯಾನಣ್ಣ ಆ ವರ್ಷವಷ್ಟೇ ಬೇರೆ ವ್ಯಾನು ತೆಗೆದುಕೊಂಡಿದ್ದರು. ಹಳೆಯದನ್ನು ಗುಜರಿಯವರು ಕೊಡಲಿಯಲ್ಲಿ ಕತ್ತರಿಸುವುದನ್ನು ನೋಡಲಾರೆ, ನೀವೇ ಇಟ್ಟುಕೊಳ್ಳಿ ಎಂದು ಎಂಜಿನ್ನು, ಚಕ್ರ ಬಿಚ್ಚಿ ಸಂಘಕ್ಕೆ ಕೊಟ್ಟರು. ಅದನ್ನು ದಡದಲ್ಲಿ ಕೂರಿಸಿದ ದಿನ ಗಾಜಿಗೆ ಗಂಧ ಕುಂಕುಮ ಇಟ್ಟು, ಕರ್ಪೂರ ಹಚ್ಚಿ, ಬೂದುಗುಂಬಳ ಒಡೆದರು. ಮೈಯೆಲ್ಲ ಹಳದಿ, ಹಿಂದೆ ಕಪ್ಪು ಅಕ್ಷರದಲ್ಲಿ ಶಾಲೆಯ ಹೆಸರು. ಹೊಸ ವ್ಯಾನಿಗೂ ಅವರು ಅದೇ ಬಣ್ಣ, ಅದೇ ಅಕ್ಷರ ಬರೆಸಿದ್ದರು.

ಆ ವ್ಯಾನಿಗೆ ಅವತ್ತು ಇಟ್ಟಿಗೆ ಚೂರು ಸಾಲಲಿಲ್ಲ. ಮುಂದಿನ ವಾರ ಲೋಡು ಬರುವಷ್ಟರಲ್ಲಿ ಮಕ್ಕಳು ಅದರೊಳಗೆ ಸೇರಿಕೊಂಡಿದ್ದರು. ನನ್ನ ತಂಗಿ ಕಂಡಕ್ಟರಾಗಿ ಟಿಕೆಟ್ ಹರಿಯುತ್ತಿದ್ದಳು. ಮಕ್ಕಳನ್ನು ಇಳಿಸಲು ಯಾರಿಗೂ ಮನಸ್ಸು ಬರಲಿಲ್ಲ. ದಸರಾ ರಜೆ ಮುಗಿಯಲಿ, ಆಮೇಲೆ ತುಂಬಿ ಟಾರು ಬಳಿಯೋಣ ಎಂದು ಸಂಘದವರು ತೀರ್ಮಾನಿಸಿದರು. ಮಾಮ ಕೂಡ ತಲೆಯಾಡಿಸಿದರು. ರಜೆ ಮುಗಿಯಿತು, ದೀಪಾವಳಿ ಬಂತು, ಮಳೆ ಬಂತು.

ನವೆಂಬರ್ ಹನ್ನೊಂದಕ್ಕೆ ಮತ್ತೆ ಬರುತ್ತೇನೆ. ಕೂಗು ಕೇಳಿದಾಗ ಅಮ್ಮ ಕರಿಬೇವು ಬಿಡಿಸುತ್ತಿದ್ದರು. ಎದ್ದವರು ಚಪ್ಪಲಿಯನ್ನೂ ಹಾಕಿಕೊಳ್ಳಲಿಲ್ಲ. ನಾನು ಅವರ ಹಿಂದೆ ಓಡಿದೆ. ನಮ್ಮ ಕಾಲೊನಿ ದಾಟಿದ ಮೇಲೆ ರಸ್ತೆ ಒಂದು ಫರ್ಲಾಂಗು ದೂರ ಹೊಳೆಯ ಅಂಚಿನಲ್ಲೇ ಹೋಗುತ್ತದೆ. ತಂಗಿಯ ವ್ಯಾನು ಬರುವ ದಾರಿಯೂ ಅದೇ. ಅಲ್ಲಿ ಆಗಲೇ ಜನ ಸೇರಿದ್ದರು. ರಸ್ತೆಯ ಕೆಳಗೆ, ಕೆಂಪು ನೀರಿನಲ್ಲಿ, ಹಳದಿ ವ್ಯಾನೊಂದು ಮೂತಿ ಮುಳುಗಿಸಿ, ಬೆನ್ನು ಮೇಲೆತ್ತಿ ನಿಂತಿತ್ತು. ಹಿಂಬದಿಯ ಶಾಲೆಯ ಹೆಸರು ಎಲ್ಲರಿಗೂ ಕಾಣುತ್ತಿತ್ತು. ರಸ್ತೆಯಿಂದ ಉರುಳಿ ಬಿದ್ದ ಹಾಗೆಯೇ ಇತ್ತು.

ಆ ವ್ಯಾನಿನಲ್ಲಿ ಬರುವ ಮಕ್ಕಳು ಒಂಬತ್ತು. ಮೂವರು ತಾಯಂದಿರು ಆಗಲೇ ಅಲ್ಲಿದ್ದರು. ಅವರಲ್ಲೊಬ್ಬರು ನೆಲದ ಮೇಲೆ ಕುಳಿತುಬಿಟ್ಟಿದ್ದರು. ಇಬ್ಬರು ಆಟೋದವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗೆ ಇಳಿಯಲು ಸಿದ್ಧರಾಗುತ್ತಿದ್ದರು. ಹಗ್ಗದ ಇನ್ನೊಂದು ತುದಿ ರೈಲ್ವೇ ಮಾಮನ ಕೈಯಲ್ಲಿತ್ತು. ಆ ಸೆಳೆತದಲ್ಲಿ ಇಳಿದವರು ಮೇಲೆ ಬರುವುದು ಕಷ್ಟ ಎಂದು ನೋಡಿದರೇ ತಿಳಿಯುತ್ತಿತ್ತು. ಅಮ್ಮ ಅವರನ್ನು ದಾಟಿ ಇಳಿಜಾರಿಗೆ ಕಾಲಿಟ್ಟರು. ನಾನು ಹಿಂದಿನಿಂದ ಅವರ ಸೆರಗು ಹಿಡಿದುಕೊಂಡೆ. ಹಾಗೆ ಬಗ್ಗಿದಾಗಲೇ ವ್ಯಾನಿನ ಅಡಿಭಾಗ ನನ್ನ ಕಣ್ಣಿಗೆ ಬಿದ್ದದ್ದು.

"ಅಮ್ಮಾ, ಅದಕ್ಕೆ ಚಕ್ರ ಇಲ್ಲ," ಎಂದೆ.

"ಏನಂದೆ?"

"ಹಿಂದಿನ ಚಕ್ರ ಎರಡೂ ಇಲ್ಲ. ಅದು ನಮ್ಮ ದಡದ್ದಮ್ಮ. ಹಳೇದು. ಮಕ್ಕಳು ಅದರಲ್ಲಿಲ್ಲ."

ಅದನ್ನೇ ತಮಿಳಿನಲ್ಲಿ ಮಾಮನಿಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು ನೋಡಿದರು. ಬಿದ್ದ ಗಾಡಿಯ ಚಕ್ರ ಕಳಚಬಹುದು, ಆದರೆ ಎರಡೂ ಕಡೆ ಅಷ್ಟು ನೀಟಾಗಿ ಅಲ್ಲ ಎಂದು ಅವರಿಗೆ ಹೊಳೆದಿರಬೇಕು. ಆಟೋದವರನ್ನು ಅಲ್ಲೇ ತಡೆದು ನಮ್ಮ ಕಾಲೊನಿಯ ಹೊಳೆ ತಿರುವಿನ ಕಡೆಗೆ ಓಡಿದರು. ಹೋಗಿ ಬರುವಷ್ಟರಲ್ಲಿ ನಮಗೆಲ್ಲ ಒಂದು ಯುಗ. ನಾಲ್ಕು ಗಾಡಿಗಳು ಇದ್ದಲ್ಲೇ ಇವೆ, ಐದನೆಯದರ ಜಾಗದಲ್ಲಿ ಹರಿದ ಹಗ್ಗವಿದೆ ಎಂದು ದೂರದಿಂದಲೇ ಕೈ ಬೀಸಿ ಕೂಗಿ ಹೇಳಿದರು. ಹೊಟ್ಟೆ ಖಾಲಿಯಿದ್ದ ತಗಡನ್ನು ಹೊಳೆ ಎತ್ತಿಕೊಂಡು ಬಂದು ಇಲ್ಲಿ ಸಿಕ್ಕಿಸಿತ್ತು. ಆಟೋದವರು ಸೊಂಟದ ಹಗ್ಗ ಬಿಚ್ಚಿದರು. ಕುಳಿತಿದ್ದ ತಾಯಿಗೆ ಯಾರೋ ನೀರು ಕೊಟ್ಟರು. ಅಮ್ಮ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು.

"ಹಾಗಾದ್ರೆ ಅವಳೆಲ್ಲಿ?" ಎಂದರು.

ಎಸ್‌ಟಿಡಿ ಬೂತಿನಿಂದ ಶಾಲೆಗೆ ಫೋನು ಮಾಡಿದವರು ರಿಂಗಾಗುತ್ತಿದೆ, ಯಾರೂ ತೆಗೆಯುತ್ತಿಲ್ಲ ಎಂದರು. ನಾವು ರಸ್ತೆಯಲ್ಲೇ ನಿಂತೆವು. ಯಾರಿಗೂ ಮನೆಗೆ ಹೋಗಲು ಕಾಲು ಬರಲಿಲ್ಲ, ಹೊಳೆಯ ಕಡೆ ತಿರುಗಿ ನೋಡಲು ಕಣ್ಣೂ ಬರಲಿಲ್ಲ.

ಹಾರನ್ ಕೇಳಿಸಿದ್ದು ನಾಲ್ಕು ಹತ್ತಕ್ಕೆ, ನಾವು ಎದುರು ನೋಡದಿದ್ದ ಕಡೆಯಿಂದ. ಹೊಳೆ ರಸ್ತೆಗೆ ನೀರು ಹತ್ತುತ್ತಿದೆ ಎಂದು ಯಾರೋ ಹೇಳಿದ್ದರಿಂದ ವ್ಯಾನಣ್ಣ ಎಸ್ಟೇಟಿನ ಒಳಗಿನಿಂದ ಸುತ್ತಿಕೊಂಡು ಬಂದಿದ್ದರು. ದಾರಿಯಲ್ಲಿ ಲಾರಿಯೊಂದು ಕೆಟ್ಟು ಅಡ್ಡ ನಿಂತದ್ದರಿಂದ ಮುಕ್ಕಾಲು ಗಂಟೆ ಸಿಕ್ಕಿಕೊಂಡಿದ್ದರು. ಬಾಗಿಲು ತೆರೆಯಿತು. ಒಬ್ಬೊಬ್ಬರಾಗಿ ಇಳಿದರು. ನಾನು ಎಣಿಸಿದೆ, ಸುತ್ತ ಇದ್ದವರೂ ಬಾಯಿಬಿಟ್ಟು ಎಣಿಸುತ್ತಿದ್ದರು. ಏಳನೆಯವಳು ನನ್ನ ತಂಗಿ. ಒಂಬತ್ತು ಆದಾಗ ರೈಲ್ವೇ ಮಾಮ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತರು.

ಅಷ್ಟು ಜನರನ್ನು ನೋಡಿ ತಂಗಿಗೆ ಏನೂ ಅರ್ಥವಾಗಲಿಲ್ಲ. "ಅಮ್ಮಾ, ಪಸಿಕ್ಕುದು," ಎಂದಳು. ಹಸಿವು ಎಂಬುದನ್ನೂ ತಮಿಳಿನಲ್ಲೇ ಹೇಳುತ್ತೀಯಲ್ಲೇ ಎಂದು ಬೇರೆ ದಿನವಾದರೆ ಅಮ್ಮ ಬೈಯುತ್ತಿದ್ದರು. ಅವತ್ತು ಅವಳನ್ನು ಎತ್ತಿಕೊಂಡರು. ಒಂಬತ್ತು ವರ್ಷದವಳ ಉದ್ದನೆಯ ಕಾಲುಗಳು ಅಮ್ಮನ ಮೊಣಕಾಲಿಗೆ ಬಡಿಯುತ್ತಿದ್ದವು. ಇಳಿಸು, ಎಲ್ಲರೂ ನೋಡುತ್ತಾರೆ ಎಂದು ಅವಳು ಒದ್ದಾಡಿದರೂ ಇಳಿಸಲಿಲ್ಲ.

ವ್ಯಾನಣ್ಣ ಜನರ ನಡುವೆ ಬಂದು ಕೆಳಗೆ ನೋಡಿದರು. "ನಮ್ಮ ಪಳೈಯ ವಂಡಿ," ಎಂದರು. ನಮ್ಮ ಹಳೇ ಗಾಡಿ. ಎಲ್ಲರೂ ಅಲ್ಲಿ ಯಾಕೆ ಸೇರಿದ್ದರೆಂದು ಅವರಿಗೆ ಆಮೇಲೆ ತಿಳಿಯಿತು. ತಡವಾಯಿತು, ಕ್ಷಮಿಸಿ ಎಂದು ತಾಯಂದಿರಿಗೆಲ್ಲ ಕೈ ಮುಗಿದರು. ಐದು ನಿಮಿಷ ತಡವಾದರೂ ಬೀದಿಯ ತುದಿಯಲ್ಲಿ ನಿಂತು ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದವರು ನಮ್ಮಮ್ಮ.

"ನಾಳೆಯಿಂದ ಲೇಟಾಗೇ ಬಾಪ್ಪಾ," ಎಂದರು.

ಅಲ್ಲಿ ಮೊದಲು ನಕ್ಕವರು ನೆಲದ ಮೇಲೆ ಕುಳಿತಿದ್ದ ಆ ತಾಯಿ. ಆಮೇಲೆ ಎಲ್ಲರೂ ನಕ್ಕರು, ಅಷ್ಟು ನಗುವಂಥದ್ದೇನೂ ಅದರಲ್ಲಿ ಇಲ್ಲದಿದ್ದರೂ. ಆ ಸಂಜೆ ನಮ್ಮ ಮನೆಯಲ್ಲಿ ಹದಿನೇಳು ಜನಕ್ಕೆ ಕಾಫಿಯಾಯಿತು. ಆಫೀಸಿನಿಂದ ನೆನೆದುಕೊಂಡು ಬಂದ ಅಪ್ಪ ಯಾರ ಮನೆಯ ಮದುವೆ ಎಂದು ಕೇಳಿದರು.

ಮಳೆ ಬಿಟ್ಟ ಮೇಲೆ ವ್ಯಾನನ್ನು ಕ್ರೇನಿನಿಂದ ಎತ್ತಿಸಿ ತಿರುವಿಗೆ ತಂದರು. ಈ ಸಲ ಇಳಿಸಿದ ದಿನವೇ ಒಡೆದ ಇಟ್ಟಿಗೆ ತುಂಬಿ, ಹಳದಿಯೆಲ್ಲ ಮುಚ್ಚುವಂತೆ ವ್ಯಾನಣ್ಣನೇ ಟಾರು ಬಳಿದರು. ನಾಲ್ಕು ಗಾಡಿಗಳಿದ್ದ ಕಡೆ ಒಂದು ಗೇಣೂ ದಡ ಹೋಗಿರಲಿಲ್ಲ. ವ್ಯಾನಿನ ಜಾಗದಲ್ಲಿ ಮಾತ್ರ ಮೂರಡಿ ಹೋಗಿತ್ತು. ೨೦೦೩ರಲ್ಲಿ ಮೈಲಾಪೂರಿಗೆ ಮನೆ ಬದಲಾಯಿಸುವವರೆಗೂ ಹಿತ್ತಲ ಗೋಡೆ ನಿಂತೇ ಇತ್ತು.

ಹೋದ ತಿಂಗಳು ಅಲ್ಲಿಗೆ ಹೋಗಿದ್ದೆ. ದಡಕ್ಕೆ ಈಗ ಕಲ್ಲು ಕಟ್ಟಿದ್ದಾರೆ. ಗಾಡಿಗಳನ್ನು ತೆಗೆದು ಕಟ್ಟಿದರೋ, ಅವುಗಳ ಮೇಲೆಯೇ ಕಟ್ಟಿದರೋ ಅಲ್ಲಿ ಯಾರಿಗೂ ಗೊತ್ತಿಲ್ಲ. ಮಾಮ ಈಗಿಲ್ಲ. ಆ ಕಲ್ಲು ಕಟ್ಟುವ ಕೆಲಸವನ್ನು ಕಂಡವರು ಇದನ್ನು ಓದಿದರೆ ದಯವಿಟ್ಟು ಎರಡು ಸಾಲು ಬರೆಯಿರಿ. ಹೀಗೆ ಹಳೇ ಗಾಡಿಗಳ ಆಸರೆಯಲ್ಲಿ ಉಳಿದ ಬೇರೆ ಹೊಳೆಯ ದಡಗಳು, ನೀಲಗಿರಿಯಲ್ಲಾಗಲಿ ನಮ್ಮ ಕಾವೇರಿ ಕಡೆಯಲ್ಲಾಗಲಿ, ನಿಮಗೆ ಗೊತ್ತಿದ್ದರೆ ಅದನ್ನೂ ತಿಳಿಸಿ. ಯಾವ ವರ್ಷ ಹಾಕಿದ್ದು, ಎಷ್ಟು ಮಳೆಗಾಲ ತಡೆದವು ಎಂಬುದನ್ನು ಸೇರಿಸಿದರೆ ಇನ್ನೂ ಒಳ್ಳೆಯದು.