ಚೀಲದೊಳಗೆ ಕಂಡ ಪೇಪರ್ ಪೊಟ್ಟಣ

ಕೊರೋನಾ ಮುಗಿದು ಅಂಗಡಿಗಳೆಲ್ಲ ಮೊದಲಿನಂತೆ ನಡೆಯತೊಡಗಿದ್ದ ವರ್ಷ. ನಾನು ಬಿ.ಫಾರ್ಮ. ಮುಗಿಸಿ ರಿಪ್ಪನ್‌ಪೇಟೆಯಲ್ಲಿ ಮೆಡಿಕಲ್ ಶಾಪ್ ಇಟ್ಟು ಆಗ ಹನ್ನೊಂದು ವರ್ಷವಾಗಿತ್ತು.

ನಮ್ಮ ಕಡೆ ಮನಸ್ಸಿನ ಕಾಯಿಲೆಯ ಮಾತ್ರೆಯನ್ನು ಯಾರೂ ತಮ್ಮೂರಿನಲ್ಲಿ ಕೊಳ್ಳುವುದಿಲ್ಲ. ರಿಪ್ಪನ್‌ಪೇಟೆಯವರು ಸಾಗರಕ್ಕೆ ಹೋಗುತ್ತಾರೆ, ಸಾಗರದವರು ತೀರ್ಥಹಳ್ಳಿಗೆ, ಅಲ್ಲಿಯ ಕೆಲವರು ನನ್ನಲ್ಲಿಗೆ. ಅಂಗಡಿಯವರಾದ ನಾವು ಆ ಮಾತ್ರೆಗಳನ್ನು ಎರಡು ಸುತ್ತು ಪೇಪರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಹೆಚ್ಚು ಮಾತಾಡದೆ ಕೊಡುತ್ತೇವೆ. ಅದನ್ನು ನಾನು ಮರ್ಯಾದೆ ಎಂದೇ ತಿಳಿದಿದ್ದೆ.

ಸುಮಿತ್ರಾ ಟೀಚರ್ ಹತ್ತಿರದ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆ. ಒಂದು ಸೋಮವಾರ ಮಧ್ಯಾಹ್ನ ಸಾಗರದ ಬಸ್ಸಿಳಿದು ನೇರ ಅಂಗಡಿಗೆ ಬಂದರು. ಕೌಂಟರಿನ ಮುಂದೆ ನಾಲ್ಕೈದು ಜನ ಇದ್ದರು. ಅವರಲ್ಲಿ ಲಕ್ಷ್ಮಿಯೂ ಒಬ್ಬಳು. ಅವಳ ಮಗಳು ಟೀಚರ ಅಂಗನವಾಡಿಗೇ ಹೋಗುತ್ತಿದ್ದಳು.

"ಶ್ರೀಧರಣ್ಣ, ನಿದ್ದೆ ಬರ್ತಿಲ್ಲ. ಎಂತದ್ರಲ್ಲೂ ಮನಸ್ಸಿಲ್ಲ. ಗಿಡಮೂಲಿಕೆದು ಎಂತಾದ್ರೂ ಇದ್ಯಾ?"

"ಒಂದೆಲಗದ ತಂಬುಳಿ ಉಣ್ಣಿ ಟೀಚರ್ರೆ," ಎಂದು ಲಕ್ಷ್ಮಿ ನಕ್ಕಳು. "ನನ್ ಮಗಳ ಗಲಾಟೆಗೆ ಯಾರಿಗಾದ್ರೂ ತಲೆ ಕೆಡ್ತದೆ."

ನನ್ನಲ್ಲಿ ಸೇಂಟ್ ಜಾನ್ಸ್ ವರ್ಟ್ ಎಂಬ ವಿದೇಶಿ ಗಿಡದ ಕ್ಯಾಪ್ಸೂಲ್ ಇತ್ತು. ಖಿನ್ನತೆಯ ವಿಷಯದಲ್ಲಿ ಬಹಳ ಸಂಶೋಧನೆ ನಡೆದಿರುವ ಗಿಡ ಅದು. ತೀವ್ರವಲ್ಲದ ಖಿನ್ನತೆಯಲ್ಲಿ ಕೆಲವರಿಗೆ ಗುಣ ಕಂಡಿದೆ ಎನ್ನುತ್ತವೆ ಅಧ್ಯಯನಗಳು. ಆದರೆ ಖಿನ್ನತೆಯ ಮಾತ್ರೆಗಳ ಜೊತೆ ಅದನ್ನು ಸೇರಿಸಬಾರದು ಎಂಬುದೂ ಅಷ್ಟೇ ಸ್ಪಷ್ಟವಾಗಿ ಗೊತ್ತಾಗಿದೆ. ಎರಡೂ ಸೇರಿದರೆ ಸಿರೊಟೋನಿನ್ ಎಂಬ ರಾಸಾಯನಿಕ ಮೈಯಲ್ಲಿ ಮಿತಿಮೀರಿ ಜೀವಕ್ಕೇ ಅಪಾಯವಾಗಬಹುದು. ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ.

ಪರ್ಸ್ ತೆಗೆಯಲು ಟೀಚರ್ ಚೀಲವನ್ನು ಕೌಂಟರಿನ ಮೇಲಿಟ್ಟು ತೆರೆದರು. ಒಳಗೆ ಪೇಪರಿನ ಪೊಟ್ಟಣವಿತ್ತು, ಅದಕ್ಕೊಂದು ರಬ್ಬರ್ ಬ್ಯಾಂಡ್. ನನಗೆ ಅರ್ಥವಾಯಿತು. 'ಬೇರೆ ಮಾತ್ರೆ ಏನಾದರೂ ತಗೋತಿದ್ದೀರಾ' ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಲಕ್ಷ್ಮಿ ಪಕ್ಕದಲ್ಲೇ ನಿಂತಿದ್ದಳು. ಮಾತ್ರೆಯ ಸುದ್ದಿ ಹಬ್ಬಿದರೆ ಊರವರು ಮಕ್ಕಳನ್ನು ಇವರ ಬಳಿ ಬಿಡುತ್ತಾರೆಯೇ ಎನಿಸಿತು. ಕೇಳಲಿಲ್ಲ.

"ಗಿಡದ್ದೇ, ಭಯ ಇಲ್ಲ," ಎಂದು ಡಬ್ಬಿ ಕೊಟ್ಟೆ.

ಆ ಶನಿವಾರ ಟೀಚರನ್ನು ಅವರ ಗಂಡ ನಾಗರಾಜ್ ಆಟೋದಲ್ಲಿ ಕರೆತಂದರು. "ಜ್ವರಕ್ಕೆ ಒಂದು ಮಾತ್ರೆ ಕೊಡಿ ಮಾರಾಯ್ರೆ. ಬೆಳಿಗ್ಗೆಯಿಂದ ಅಂಗನವಾಡೀಲಿ ಮಕ್ಕಳ ಹೆಸರೆಲ್ಲ ತಪ್ಪು ಕರೀತಿದಾಳಂತೆ."

ಟೀಚರ ರವಿಕೆ ಬೆವರಿನಲ್ಲಿ ತೊಯ್ದಿತ್ತು. ಕಾಲುಗಳು ತಾವಾಗಿಯೇ ಅದುರುತ್ತಿದ್ದವು. ಕುಡಿಯಲು ಕೊಟ್ಟ ಸ್ಟೀಲ್ ಲೋಟ ಹಲ್ಲಿಗೆ ತಾಗಿ ಟಕಟಕ ಎಂದಿತು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ, ಊಟದ ಹೊತ್ತಿನಲ್ಲೂ.

ಶಟರ್ ಎಳೆದು ಇಬ್ಬರನ್ನೂ ನನ್ನ ಕಾರಿನಲ್ಲೇ ಕೂರಿಸಿಕೊಂಡು ಸಾಗರದ ಆಸ್ಪತ್ರೆಗೆ ಹೊರಟೆ. "ಸಾಗರದ ಮಾತ್ರೆ ಬಿಟ್ಟಿಲ್ವಲ್ಲ?" ಎಂದು ಕೇಳಿದೆ.

"ಇಲ್ಲ. ದಿನಾ ತಗೋತಾಳೆ," ಎಂದ ನಾಗರಾಜ್ ಸ್ವಲ್ಪ ದೂರ ಹೋದ ಮೇಲೆ ಕೇಳಿದರು: "ಅದು ನಿಮಗೆ ಹೆಂಗೆ ಗೊತ್ತು?"

ನಾನು ಗೇರ್ ಬದಲಿಸಿದೆ.

ಆಸ್ಪತ್ರೆಯಲ್ಲಿ ಕ್ಯಾಪ್ಸೂಲಿನ ವಿಷಯವನ್ನೆಲ್ಲ ಡಾಕ್ಟರಿಗೆ ಹೇಳಿದೆ, ಇಂಗ್ಲಿಷಿನಲ್ಲಿ. ಪಕ್ಕದಲ್ಲಿದ್ದ ನಾಗರಾಜರಿಗೆ ತಿಳಿಯದಿರಲಿ ಎಂದೇ ಹಾಗೆ ಮಾಡಿದೆ. ಸಿರೊಟೋನಿನ್ ಸಿಂಡ್ರೋಮ್ ಎಂದರು ಡಾಕ್ಟರ್. ಎರಡೂ ಔಷಧ ನಿಲ್ಲಿಸಿ ಐಸಿಯುಗೆ ಸೇರಿಸಿದರು. ಮೂರನೆಯ ದಿನ ಟೀಚರ್ ಸರಿಯಾಗಿ ಮಾತಾಡಿದರು.

ತಿಂಗಳ ಮೇಲೆ ಅವರೊಬ್ಬರೇ ಅಂಗಡಿಗೆ ಬಂದರು. ಬೇರೆ ಗಿರಾಕಿಗಳಿರಲಿಲ್ಲ. ಅಂದು ಪೊಟ್ಟಣ ನನ್ನ ಕಣ್ಣಿಗೆ ಬಿದ್ದಿತ್ತು ಎಂದು ಒಪ್ಪಿಕೊಂಡೆ.

"ಕಾಣ್ಲಿ ಅಂತ್ಲೇ ಚೀಲ ತೆರ್ದಿಟ್ಟಿದ್ದೆ ಶ್ರೀಧರಣ್ಣ. ಅಷ್ಟು ಜನರೆದುರು ನನ್ ಬಾಯಲ್ಲಿ ಹೇಳಕ್ಕಾಗ್ಲಿಲ್ಲ. ನೀವು ಓದಿದವ್ರು, ನೋಡ್ಕೊಂಡು ಕೊಡ್ತೀರಿ ಅಂದ್ಕೊಂಡೆ."

ಅವರೇ ಮುಂದುವರಿಸಿದರು: "ಆಸ್ಪತ್ರೇಲಿ ಇಂಗ್ಲಿಷಲ್ಲಿ ಹೇಳಿದ್ರಂತೆ. ನಮ್ಮನೆಯವ್ರಿಗೂ ಒಂದ್ಸಲ ಕನ್ನಡದಲ್ಲಿ ಹೇಳಿ."

ಅಂದು ಸಂಜೆಯೇ ಹೋಗಿ ಹೇಳಿದೆ. ನಾಗರಾಜ್ ಬೈಯಲಿಲ್ಲ. ಎದ್ದು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ.

ಈಗ ಕೌಂಟರಿನ ಒಳಗೊಂದು ಕುರ್ಚಿ ಹಾಕಿದ್ದೇನೆ. ಕೆಮ್ಮಿನ ಸಿರಪ್ಪಿಗೆ ಬಂದವರನ್ನೂ ಕೂರಿಸಿ, ಬೇರೆ ಏನೇನು ತೆಗೆದುಕೊಳ್ಳುತ್ತೀರಿ ಎಂದು ಕೇಳುತ್ತೇನೆ. ಎಲ್ಲರನ್ನೂ ಕೇಳಿದರೆ ಯಾರಿಗೂ ಅವಮಾನವಿಲ್ಲ. ಈ ಕೆಲಸದಲ್ಲಿ ಕೇಳುವುದೇ ಮರ್ಯಾದೆ ಎಂದು ನಾನು ಕಲಿತದ್ದು ಇನ್ನೊಬ್ಬರ ಜೀವವನ್ನು ಪಣಕ್ಕಿಟ್ಟು. ಟೀಚರ್ ಈಗ ತಮ್ಮ ಮಾತ್ರೆಯನ್ನು ನನ್ನಲ್ಲೇ ಕೊಳ್ಳುತ್ತಾರೆ, ಪೇಪರ್ ಸುತ್ತಲು ಬಿಡುವುದಿಲ್ಲ. ನಾಗರಾಜ್ ಮಾತ್ರ ತಲೆನೋವಿನ ಮಾತ್ರೆಗೂ ಸಾಗರಕ್ಕೆ ಹೋಗುತ್ತಾರೆ.